ಟ್ರ್ಯಾಕ್ಟರ್ ನೋಡುವ ಮೊದಲು ಮನೆ ನೋಡಿ

ನಾನು ಮೋಸಹೋದೆ ಎಂದು ನಮ್ಮೂರ ಕಟ್ಟೆಯ ಮೇಲೆ ಇವತ್ತಿಗೂ ಆಡಿಕೊಳ್ಳುವವರಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಟ್ರ್ಯಾಕ್ಟರ್ ನನ್ನ ಮನೆ ಮುಂದೆ ನಿಂತಿದೆ, ಆರ್‌ಸಿಯಲ್ಲಿ ನನ್ನ ಹೆಸರಿದೆ. ಮೋಸಹೋದವರ ಹತ್ತಿರ ಇವೆರಡೂ ಇರುವುದಿಲ್ಲ. ಆದರೆ ಅದನ್ನು ಕೊಂಡ ದಿನದಿಂದ ಹೆಸರು ಬೀಳುವ ದಿನದವರೆಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಸುತ್ತಿದ್ದು ಖರೆ. ಸುತ್ತಿಸಿದವರು ಇಬ್ಬರು. ಒಬ್ಬ ಹಾನಗಲ್ಲಿನ ದಲಾಲ, ಇನ್ನೊಬ್ಬರು ನನ್ನ ಹೆಂಡತಿಯ ಅಣ್ಣ.

ಹಳೇದು ಬಿಟ್ಟು ಹೊಸದನ್ನೇ ಯಾಕೆ ತಗೊಳ್ಳಲಿಲ್ಲ ಎಂದು ಕೇಳಬೇಡಿ. ಗೋವಿನಜೋಳ ಬೆಳೆದು ಮಾರಿದವರಿಗೆ ಅದು ಗೊತ್ತು.

ನಮ್ಮ ಕಡೆ ಹಳೇ ಟ್ರ್ಯಾಕ್ಟರ್ ದಲಾಲರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಗ್ಯಾರೇಜಿನ ಎದುರಿನ ಚಹಾದಂಗಡಿಯೇ ಆಫೀಸು, ಮೊಬೈಲಿನಲ್ಲಿರುವ ಫೋಟೊಗಳೇ ಬಂಡವಾಳ. ಹಾನಗಲ್ಲಿನ ದಲಾಲ ನನಗೆ ತೋರಿಸಿದ್ದು ಶಿಗ್ಗಾವಿ ತಾಲೂಕಿನ ಒಂದು 45 ಎಚ್‌ಪಿ ಗಾಡಿ. "ಒಂದ ಕೈ ಓಡಿದ್ದು ಅಣ್ಣಾರ, ಬರೇ ಹೊಲದ ಕೆಲಸ, ಕಬ್ಬು ಹೇರಿಲ್ಲ" ಅಂದ. ಹೋಗಿ ನೋಡಿದರೆ ಎಂಜಿನ್ ಆಗಲೇ ಬಿಸಿ. ಬೆಳಗಿನ ತಂಪಿನಲ್ಲಿ ಸ್ಟಾರ್ಟ್ ಆಗದ ಗಾಡಿಯನ್ನು ಗಿರಾಕಿ ಬರುವ ಮೊದಲೇ ಚಾಲೂ ಮಾಡಿ ಇಡುತ್ತಾರೆ. ಆರುವವರೆಗೆ ಕೂತೆ, ಮತ್ತೆ ಸ್ಟಾರ್ಟ್ ಮಾಡಿಸಿದೆ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತದೆಯೇ ನೋಡಿದೆ. ಎಣ್ಣೆ ಹಾಕುವ ಬಾಯಿಂದ ಹೊಗೆ ಉಗುಳುತ್ತದೆಯೇ ನೋಡಿದೆ, ಕಲ್ಟಿವೇಟರ್ ಎತ್ತಿಸಿ ಲಿಫ್ಟ್ ತಾನಾಗಿ ಇಳಿಯುತ್ತದೆಯೇ ನೋಡಿದೆ. ಎಲ್ಲಾ ಸರಿ ಇತ್ತು. ಹಿಂದೆ ಟ್ರೇಲರ್ ಸಿಗಿಸುವ ತೂತು ಮಾತ್ರ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಸಂಗೂರು ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯದೆ ಆ ತೂತು ಹಾಗೆ ಸವೆಯುವುದಿಲ್ಲ. ಅದನ್ನೇ ಹಿಡಿದು ದರ ಇಳಿಸಿದೆ. ಯಂತ್ರದ ವಿಷಯದಲ್ಲಿ ನನ್ನನ್ನು ಯಾರೂ ಯಾಮಾರಿಸಿಲ್ಲ.

ಕಾಗದದ ಹೊಣೆ ಹೊತ್ತವರು ನಮ್ಮ ಭಾವ. "ದಲಾಲ ನಮ್ಮ ಪೈಕಿ, ನೀವ ಯಾಕ ಚಿಂತಿ ಮಾಡ್ತೀರಿ" ಅಂದಿದ್ದರು.

ವ್ಯವಹಾರದ ದಿನ ದಲಾಲ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದು ಒಂದು ಮಾತು ಹೇಳುವನು, ಗಾಡಿ ತೋರಿಸಿದ ಹುಡುಗನನ್ನು ಗೋಡೆಯ ಆಚೆ ಕರೆದೊಯ್ದು ಇನ್ನೊಂದು ಮಾತು ಹೇಳುವನು. ಹಾವೇರಿ ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾಡುತ್ತಾರಲ್ಲ, ಅದಕ್ಕಿಂತ ಗುಟ್ಟು ಇದು. ಅಲ್ಲಿ ಮುಚ್ಚಿಡುವುದು ದರವನ್ನು, ಇಲ್ಲಿ ಮಾರುವವರನ್ನೇ. "ಮಾಲಕರಿಗೆ ಆರಾಮಿಲ್ಲ, ಹಾಸಗಿ ಹಿಡದಾರ, ಇಂವ ಅವರ ಸಣ್ಣ ಮಗ, ಸೈ ಎಲ್ಲಾ ಆಗ್ಯಾವ" ಎಂದು ಹೆಸರು ಬದಲಾವಣೆಯ ಫಾರಂ 29, ಫಾರಂ 30 ಕೈಗಿಟ್ಟ. ಮೂಲೆಯಲ್ಲಿ ಬಾಲ ಎಳೆದು ಮಾಡಿದ ಚೆಂದದ ಸಹಿ. ನಾನು 60 ಸಾವಿರ ಹಿಡಿದುಕೊಂಡೆ. ಹೆಸರು ಬದಲಾದ ದಿನ ಕೊಡುತ್ತೇನೆ ಅಂದೆ. ದಲಾಲನಿಗಿಂತ ಹೆಚ್ಚು ಸಿಟ್ಟಾದವರು ಭಾವ. "ಮಾತಂದ್ರ ಮಾತು, ಪೂರಾ ಕೊಟ್ಟುಬಿಡ್ರಿ" ಎಂದು ಎಲ್ಲರೆದುರು ನನ್ನ ಮರ್ಯಾದೆ ತೆಗೆದರು. ಯಾಕೆ ಅಷ್ಟು ಅವಸರವಿತ್ತು ಎಂಬುದು ಮುಂದೆ ತಿಳಿಯಿತು. ದಲಾಲಿಯಲ್ಲಿ ಅವರಿಗೂ ಪಾಲಿತ್ತು!

ಅರ್ಜಿ ಆನ್‌ಲೈನಿನಲ್ಲಿ ಹಾಕುವಾಗ ಒಟಿಪಿ ಹಳೇ ಮಾಲೀಕರ ಮೊಬೈಲಿಗೆ ಹೋಗುತ್ತದೆ. ಅದನ್ನು ಕೇಳಿದಾಗಲೆಲ್ಲ ದಲಾಲ "ನಾಳೆ" ಅನ್ನುತ್ತಿದ್ದ. ಕಡೆಗೆ ಫೋನ್ ಸ್ವಿಚ್ ಆಫ್ ಆಯಿತು. ಭಾವ ಕಾಯಿರಿ ಅಂದರು. ನಾನು ಬೈಕ್ ಹತ್ತಿ, ಆರ್‌ಸಿಯಲ್ಲಿದ್ದ ವಿಳಾಸ ಹಿಡಿದು ಸವಣೂರಿಗೆ ಹೊರಟೆ.

ದೊಡ್ಡಹುಣಸೆ ಮಠದ ಹತ್ತಿರ ದಾರಿ ಕೇಳಿ ಮನೆ ಹುಡುಕಿದೆ. ಪಡಸಾಲೆಯಲ್ಲಿ ಒಬ್ಬ ವಯಸ್ಸಾದ ತಾಯಿ ವೀಳ್ಯದೆಲೆ ಕಟ್ಟು ಮಾಡುತ್ತ ಕೂತಿದ್ದರು. "ಯಜಮಾನರು ಅದಾರೇನವ್ವಾ?" ಅಂದೆ. ಆಕೆ ಮಾತಾಡದೆ ಗೋಡೆ ತೋರಿಸಿದರು. ಗಂಧದ ಹಾರ ಹಾಕಿದ ಫೋಟೊ. ಕೆಳಗೆ ಬರೆದ ತಾರೀಖು ಓದಿದೆ. ನನ್ನ ಚೀಲದಲ್ಲಿದ್ದ ಫಾರಮಿಗೆ ಸಹಿ ಬಿದ್ದ ತಾರೀಖು ಅದಕ್ಕಿಂತ ಎಷ್ಟೋ ಈಚಿನದು.

ಅಷ್ಟರಲ್ಲಿ ದೊಡ್ಡ ಮಗ ಹೊಲದಿಂದ ಬಂದ. ನಾನು ಯಾರು, ಯಾಕೆ ಬಂದೆ ಎಂದು ಹೇಳುತ್ತಿದ್ದಂತೆ ಅವನ ಮುಖ ಬದಲಾಯಿತು. ಟ್ರ್ಯಾಕ್ಟರನ್ನು ತಮ್ಮ ತನ್ನ ಹೆಂಡತಿಯ ಊರಿಗೆ ದುಡಿಮೆಗೆ ಒಯ್ದಿದ್ದಾನೆ ಎಂದೇ ಅವನು ತಿಳಿದಿದ್ದ. ಫಾರಂ ಕಸಿದುಕೊಂಡು ನೋಡಿದ, ನಕ್ಕ. ಆ ನಗು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. "ನಮ್ಮಪ್ಪಗ ಸೈ ಬರ್ತಿದ್ದಿಲ್ಲರೀ. ಸಾಯೂಮಟಾ ಹೆಬ್ಬಟ್ಟು ಒತ್ತಿದಾಂವ." ಓಣಿಯ ಮಂದಿ ಸೇರಿದರು. ಒಬ್ಬ ಪೊಲೀಸ್ ಸ್ಟೇಶನ್ ಅಂದ, ಇನ್ನೊಬ್ಬ ಕಂಬಕ್ಕೆ ಕಟ್ಟಿ ಅಂದ. ದೊಡ್ಡ ಮಗ ನನ್ನ ಬೈಕಿನ ಕೀಲಿ ಕಿತ್ತುಕೊಂಡು, "ಟ್ರ್ಯಾಕ್ಟರ್ ತಂದು ನಿಲ್ಲಸ್ರಿ, ಗಾಡಿ ಒಯ್ರಿ" ಅಂದ. ಭಾವನಿಗೆ ಫೋನ್ ಮಾಡಿದೆ. ಮದುವೆಮನೆಯಲ್ಲಿದ್ದೇನೆ ಎಂದು ಕಟ್ ಮಾಡಿದರು. ನಡುಬಿಸಿಲು. ಸಾಲ ತೆಗೆದು ಕೊಟ್ಟ ದುಡ್ಡು ಲೆಕ್ಕ ಹಾಕುತ್ತ ಕಟ್ಟೆಯ ಮೇಲೆ ಕೂತೆ. ಬಿತ್ತನೆಗೆ ಹೊಲ ಹದವಾಗಿತ್ತು. ಕದ್ದ ಮಾಲು ಕೊಂಡವನು ಎಂದು ಅಷ್ಟು ಮಂದಿ ನನ್ನನ್ನು ನೋಡುತ್ತಿದ್ದರು. ಆ ತಾಯಿ ಎಲೆ ಜೋಡಿಸುವುದನ್ನು ನಿಲ್ಲಿಸಿರಲೇ ಇಲ್ಲ. ಕಡೆಗೆ ಅಲ್ಲಿಂದಲೇ ಮಗನಿಗೆ ಹೇಳಿದರು: "ಕಳ್ಳರು ಮನಿ ವಿಳಾಸ ಹುಡುಕ್ಕೊಂಡ ಬರೂದಿಲ್ಲಪಾ. ಕೀಲಿ ಕೊಡು. ಕಳ್ಳ ನನ್ನ ಹೊಟ್ಟ್ಯಾಗ ಹುಟ್ಟ್ಯಾನ."

ಆಮೇಲಿನದು ಕಾಗದದ ಕಥೆ. ಸತ್ತವರ ಹೆಸರಿನ ವಾಹನವನ್ನು ಫಾರಂ 29ರಲ್ಲಿ ಯಾರೂ ಮಾರಲಾರರು. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದವರ ಒಪ್ಪಿಗೆ ಎಲ್ಲಾ ಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ಉಯಿಲು ಮಾಡದೆ ಸತ್ತರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಗ, ಹೆಣ್ಣುಮಗಳು ಎಲ್ಲರಿಗೂ ಸಮಪಾಲು. ಹೆಣ್ಣುಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಆಕೆಯ ಸಹಿಯಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ. "ಹೊಲದಾಗಿನ ಹಕ್ಕು ಬಿಡಿಸ್ಕೊಂಡ್ರು, ಈಗ ಟ್ರ್ಯಾಕ್ಟರಿಂದೂ ಬಿಡಬೇಕೇನ್ರೀ ಅಣ್ಣಾರ?" ಎಂದು ಬಾಗಿಲಲ್ಲೇ ಕೇಳಿದಳು. ಉತ್ತರ ಹೇಳುವ ಹಕ್ಕು ನನಗಿರಲಿಲ್ಲ. ಆದರೆ 60 ಸಾವಿರ ನನ್ನಲ್ಲೇ ಇತ್ತಲ್ಲ! ಅದು ದಲಾಲನ ಕೈಗೆ ಹೋಗುವುದಿಲ್ಲ, ತಾಯಿಯ ಎದುರು ಹಂಚಿಕೆಯಾಗುತ್ತದೆ, ನಿನ್ನದು ನಿನ್ನ ಕೈಗೇ ಬರುತ್ತದೆ ಅಂದೆ. ಹಾಗೆಯೇ ಮಾಡಿದೆ. ಗಾಡಿ ತಾಯಿಯ ಹೆಸರಿಗೆ ಬಂತು, ಅಲ್ಲಿಂದ ನನ್ನ ಹೆಸರಿಗೆ. ಸಣ್ಣ ಮಗನ ಮೇಲೆ ಕೇಸು ಹಾಕುವುದು ಬಿಡುವುದು ಅವರ ಮನೆಯ ವಿಚಾರ.

ಹಳೇ ಗಾಡಿ ಕೊಳ್ಳುವವರು ಆರ್‌ಸಿಯಲ್ಲಿರುವ ಹೆಸರಿನ ಮನೆಗೆ ದುಡ್ಡು ಕೊಡುವ ಮೊದಲೇ ಹೋಗಿ. ದಲಾಲ ಬೇಡ ಅಂದರೆ ತಪ್ಪದೆ ಹೋಗಿ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ವಿಮೆ ಇದೆಯೇ, ಬ್ಯಾಂಕಿನ ಅಡವು ಇದೆಯೇ ನೋಡಿ. ಅಡವಿದ್ದರೆ ಸಾಲ ತೀರಿದ ಪತ್ರ, ಫಾರಂ 35 ಇಲ್ಲದೆ ಮಾತೇ ಬೇಡ. ಟ್ರೇಲರಿಗೆ ಬೇರೆಯೇ ಆರ್‌ಸಿ ಇರುತ್ತದೆ, ಅದನ್ನು ಕೇಳಲು ಮರೆಯುವವರೇ ಹೆಚ್ಚು. ಚಾಸಿ ನಂಬರನ್ನು ಎಣ್ಣೆ ಒರೆಸಿ ಸ್ವತಃ ಓದಿ. ಮಾರುವವರೂ ಬಾಂಡ್ ಪೇಪರ್ ಬರೆದುಕೊಟ್ಟೆವು, ಮುಗಿಯಿತು ಅಂದುಕೊಳ್ಳಬೇಡಿ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ದಲಾಲ ಈಗ ಮತ್ತೆ ಅದೇ ಚಹಾದಂಗಡಿಯಲ್ಲಿ ಕೂರುತ್ತಾನೆ. ಮೊನ್ನೆ ಅಕ್ಕಿಆಲೂರು ಸಂತೆಯಲ್ಲಿ ಸಿಕ್ಕು, "ಹೆಸರಾತಲ್ಲ ಅಣ್ಣಾರ, ನನ್ನ ದಲಾಲಿ?" ಎಂದು ಕೇಳಿದ. ಅರ್ಧವಾದರೂ ಕೊಡಿ ಎಂದು ಭಾವ ನನ್ನ ಹೆಂಡತಿಯ ಕೈಲಿ ಹೇಳಿಸುತ್ತಿದ್ದಾರೆ. ಕೊಟ್ಟಿಲ್ಲ. ಕೊಡುವುದಿಲ್ಲ.