ದ್ವೀಪದಲ್ಲಿ ಒಬ್ಬರೇ ಉಳಿದರೆ: ಕುದ್ರುವಿನ ಚಿಕ್ಕಮ್ಮನ ಕಿವಿಮಾತು

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ, ಹೊಳೆ ನಡುವಿನ ಒಂದು ಕುದ್ರುವಿನಲ್ಲಿ. ಆಸಾಡಿ ಮಳೆಗೆ ನೆರೆ ಏರಿ ದೋಣಿ ನಿಂತು, ಒಮ್ಮೆ ಒಂಬತ್ತು ದಿನ ಮನೆಯಲ್ಲಿ ಒಬ್ಬಳೇ ಉಳಿದಿದ್ದೆ. ನನಗಿಂತ ದೊಡ್ಡ ಪಾಡು ಪಟ್ಟವನು ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಸೆಲ್ಕರ್ಕ್. 1704ರಲ್ಲಿ ಚಿಲಿ ದೇಶದಾಚೆಯ ನಿರ್ಜನ ದ್ವೀಪವೊಂದರಲ್ಲಿ ಇಳಿದವನು ನಾಲ್ಕು ವರ್ಷ ನಾಲ್ಕು ತಿಂಗಳು ಅಲ್ಲೇ ಕಳೆದ. ಇಬ್ಬರ ಅನುಭವವನ್ನೂ ಸೇರಿಸಿ ಹೇಳುತ್ತೇನೆ. ನಿಮಗೆ ಗೊತ್ತಿಲ್ಲವೆಂದಲ್ಲ, ಹೊತ್ತಿಗೆ ಮರೆಯುತ್ತೀರಿ, ಅದಕ್ಕೆ.

• ಸಿಟ್ಟಿನಲ್ಲಿ ದೋಣಿ ಇಳಿಯಬೇಡಿ. ಹಡಗು ಸೋರುತ್ತಿದೆ ಎಂದು ಕಪ್ತಾನನೊಡನೆ ಜಗಳ ಕಾದು ಸೆಲ್ಕರ್ಕ್ ತಾನೇ ಇಳಿದುಬಿಟ್ಟ. ಅವನು ಹೇಳಿದ್ದು ಸರಿಯೇ, ಹಡಗು ಆಮೇಲೆ ಮುಳುಗಿತು. ಆದರೆ ಮಾತು ಸರಿಯಿದ್ದವನಿಗೂ ಒಂಟಿತನ ತಪ್ಪಲಿಲ್ಲ.

• ಮೊದಲು ನೀರು ಹುಡುಕಿ, ಆಮೇಲೆ ಅಳಿ. ಹಸಿವು ಕಾಯುತ್ತದೆ, ಬಾಯಾರಿಕೆ ಕಾಯುವುದಿಲ್ಲ.

• ಸಮುದ್ರದ ನೀರು ಒಂದು ಗುಟುಕೂ ಬೇಡ. ಆ ಉಪ್ಪನ್ನು ಹೊರಹಾಕಲು ಮೈಯಲ್ಲಿದ್ದ ನೀರೂ ಖರ್ಚಾಗುತ್ತದೆ.

• ಮಳೆ ಬಂದರೆ ಪಂಚೆಯ ನಾಲ್ಕು ಮೂಲೆ ಕಟ್ಟಿ, ನಡುವೆ ಒಂದು ಕಲ್ಲು ಹಾಕಿ, ಕೆಳಗೆ ಪಾತ್ರೆ ಇಡಿ. ಮೊದಲು ಇಳಿದ ನೀರು ಕುಡಿಯದೆ ಪಾತ್ರೆ ತೊಳೆಯಲು ಇಟ್ಟುಕೊಳ್ಳಿ. ಬಟ್ಟೆಯ ಉಪ್ಪೆಲ್ಲ ಅದರಲ್ಲಿರುತ್ತದೆ.

• ಬೊಂಡ ಸಿಕ್ಕಿತೆಂದು ಹತ್ತು ಕುಡಿಯಬೇಡಿ. ಹೊಟ್ಟೆ ಕೆಟ್ಟರೆ ಕುಡಿದದ್ದಕ್ಕಿಂತ ಹೆಚ್ಚು ಹೋಗುತ್ತದೆ. ಮರದ ಬುಡದಲ್ಲಿ ಮಲಗಲೂಬೇಡಿ. ಕಾಯಿ ಹೇಳಿ ಬೀಳುವುದಿಲ್ಲ.

• ಕಸಕಡ್ಡಿ ಸಾಲಾಗಿ ಬಿದ್ದ ಗೆರೆ ನೋಡಿ, ಉಬ್ಬರ ಬರುವುದು ಅಲ್ಲಿಯವರೆಗೆ. ಗುಡಿಸಲನ್ನು ಅದಕ್ಕಿಂತ ಸಾಕಷ್ಟು ಮೇಲೆ ಕಟ್ಟಿ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಇನ್ನೂ ಏರುತ್ತದೆ.

• ಹೊತ್ತಿದ ಬೆಂಕಿಯನ್ನು ಆರಲು ಬಿಡಬೇಡಿ. ರಾತ್ರಿ ಕಾಯಿಸಿಪ್ಪೆಗೆ ಕೆಂಡ ತಾಗಿಸಿ ಬೂದಿ ಮುಚ್ಚಿ, ಬೆಳಿಗ್ಗೆ ಊದಿದರೆ ಸಾಕು. ನಮ್ಮಮ್ಮ ಒಂದು ಬೆಂಕಿಪೆಟ್ಟಿಗೆಯನ್ನು ಇಡೀ ಮಳೆಗಾಲ ಬಾಳಿಸುತ್ತಿದ್ದದ್ದು ಹೀಗೆ. ಸೆಲ್ಕರ್ಕ್ ಕಟ್ಟಿಗೆ ಉಜ್ಜಿ ಬೆಂಕಿ ಮಾಡುತ್ತಿದ್ದ. ನಿಮ್ಮ ಕೈಗೆ ಅದು ಒಂದೇ ದಿನದಲ್ಲಿ ಒಗ್ಗುವುದಿಲ್ಲ.

• ಬರಿಗಾಲಲ್ಲಿ ಬಂಡೆ ಹತ್ತಬೇಡಿ. ಚಿಪ್ಪು ಗೀರಿದ ಗಾಯ ಸಣ್ಣದೆಂದು ಬಿಟ್ಟರೆ ನಾಲ್ಕೇ ದಿನಕ್ಕೆ ಕೀವಾಗುತ್ತದೆ.

• ಊಟದ ಆಸೆಗೆ ಓಡಬೇಡಿ. ಆಡಿನ ಬೆನ್ನು ಹತ್ತಿದ ಸೆಲ್ಕರ್ಕ್ ಅದರ ಸಮೇತ ಕಡಿದಾದ ಗುಡ್ಡದಿಂದ ಬಿದ್ದು ಒಂದು ದಿನ ಎಚ್ಚರವಿಲ್ಲದೆ ಇದ್ದ. ಆಡಿನ ಮೇಲೆ ಬಿದ್ದದ್ದರಿಂದ ಉಳಿದ. ನೀವು ಬೀಳುವಲ್ಲೂ ಆಡು ಇರುತ್ತದೆಂದು ನಂಬಬೇಡಿ.

• ಅಡುಗೆಗೊಂದು, ಮಲಗಲೊಂದು ಎಂದು ಜಾಗ ಬೇರೆ ಮಾಡಿ. ಅವನೂ ಎರಡು ಗುಡಿಸಲು ಕಟ್ಟಿದ್ದ. ಉಂಡಲ್ಲೇ ಉರುಳಿದರೆ ಹಗಲು ಯಾವುದು, ರಾತ್ರಿ ಯಾವುದು ತಿಳಿಯುವುದಿಲ್ಲ.

• ಎದ್ದ ಕೂಡಲೇ ಮರಕ್ಕೆ ಒಂದು ಗೀರು ಹಾಕಿ. ಮಧ್ಯಾಹ್ನ ಹಾಕಿದರಾಯಿತು ಎಂದರೆ ಮರೆತೇಹೋಗುತ್ತದೆ. ನಾನು ಹಾಗೆ ಲೆಕ್ಕ ತಪ್ಪಿ, ದ್ವಾದಶಿಯ ದಿನ ಏಕಾದಶಿಯ ಉಪವಾಸ ಮಾಡಿದ್ದೆ.

• ದಿನಾ ಗಟ್ಟಿಯಾಗಿ ಮಾತಾಡಿ. ಸೆಲ್ಕರ್ಕ್ ಬೈಬಲ್ ಓದಿಕೊಳ್ಳುತ್ತಿದ್ದ, ಹಾಡುತ್ತಿದ್ದ. ಆದರೂ ಕೊನೆಗೆ ಅವನ ಬಾಯಲ್ಲಿ ಅರ್ಧರ್ಧ ಪದ ಬರುತ್ತಿತ್ತಂತೆ. ನಾನು ಒಲೆಯ ಮುಂದೆ ಕೂತು ಮಗ್ಗಿ ಹೇಳುತ್ತಿದ್ದೆ. ಹದಿನೇಳರ ಮಗ್ಗಿ ನನಗೆ ಬಾಯಿಗೆ ಬಂದದ್ದೇ ಆಗ.

• ಒಂದು ಜೀವ ಸಾಕಿಕೊಳ್ಳಿ. ರಾತ್ರಿ ಇಲಿಗಳು ಕಾಲು ಕಚ್ಚುತ್ತವೆಂದು ಸೆಲ್ಕರ್ಕ್ ಕಾಡುಬೆಕ್ಕುಗಳಿಗೆ ಮಾಂಸ ಹಾಕಿ ಪಳಗಿಸಿದ. ಇಲಿಯ ಕಾಟ ಹೋಯಿತು, ಜೊತೆಯೂ ಆಯಿತು. ಏನಾದರೊಂದು ನಿಮ್ಮ ಕೈಯನ್ನೇ ನೋಡುತ್ತಿದ್ದರೆ ಬೆಳಿಗ್ಗೆ ಏಳಲು ಮನಸ್ಸು ಬರುತ್ತದೆ.

• ಮುಸ್ಸಂಜೆಗೆಂದೇ ಒಂದು ಕೈಗೆಲಸ ಉಳಿಸಿಕೊಳ್ಳಿ. ಒಂಟಿತನ ಕಾಡುವುದು ದೀಪ ಹಚ್ಚುವ ಹೊತ್ತಿಗೆ. ನಾನು ಜಗಲಿಯಲ್ಲಿ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದೆ. ಅಳು ಬಂದರೆ ಅಳಿ, ಕೈ ಮಾತ್ರ ನಿಲ್ಲಿಸಬೇಡಿ. ಹಗ್ಗವಾದರೂ ಉದ್ದವಾಗುತ್ತದೆ.

• ಬಯಲಿನಲ್ಲಿ ಮೂರು ಸೌದೆ ರಾಶಿ ಜೋಡಿಸಿಡಿ. ಒಂದು ಬೆಂಕಿ ಕಂಡರೆ ಯಾರೋ ಅಡುಗೆ ಮಾಡುತ್ತಿದ್ದಾರೆಂದು ದಾಟಿಹೋಗುತ್ತಾರೆ, ಮೂರು ಕಂಡರೆ ಆಪತ್ತೆಂದು ತಿಳಿಯುತ್ತಾರೆ. ಹಗಲಾದರೆ ಹಸಿಸೊಪ್ಪು ಹಾಕಿ, ಹೊಗೆ ದೂರಕ್ಕೆ ಕಾಣುತ್ತದೆ.

• ಬೇಯಿಸುವಾಗ ಒಂದು ಹಿಡಿ ಹೆಚ್ಚಿಗೆ ಹಾಕಿ. ಕರೆದೊಯ್ಯಲು ಬಂದವರು ನಿಮಗಿಂತ ಸೋತಿರಬಹುದು. 1709ರಲ್ಲಿ ಬಂದ ಹಡಗಿನಲ್ಲಿ ಅನೇಕರು ಸ್ಕರ್ವಿ ರೋಗದಿಂದ ನರಳುತ್ತಿದ್ದರು, ಸೆಲ್ಕರ್ಕನೇ ಆಡು ಹಿಡಿದು ಸಾರು ಮಾಡಿ ಬಡಿಸಿದ. ನಮ್ಮ ಕುದ್ರುವಿಗೂ ಒಂಬತ್ತನೇ ದಿನ ದೋಣಿ ಬಂತು. ನಾನು ಹೊಸೆದ ಹಗ್ಗದಲ್ಲೇ ಅದನ್ನು ಕಟ್ಟಿ, ತೊಯ್ದು ತೊಪ್ಪೆಯಾಗಿ ಮೇಲೆ ಬಂದ ದೋಣಿಯಣ್ಣ ಮೊದಲು ಕೇಳಿದ್ದು, “ಗಂಜಿ ಇತ್ತಾ ತಂಗಿ?” ಎಂದು. ಇತ್ತು.