ಬಳ್ಳಿಗಾವಿ: ಕೋಟೆಯೂ ಅರಮನೆಯೂ ಕಾಣದ ರಾಜಧಾನಿಗೆ ಹೊರಡುವವರಿಗೆ

ರಾಜಧಾನಿ ನೋಡಲು ಹೊರಟವರ ಕಣ್ಣು ಮೊದಲು ಕೋಟೆ ಹುಡುಕುತ್ತದೆ, ಆಮೇಲೆ ಅರಮನೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಇವೆರಡೂ ಕಾಣಸಿಗುವುದಿಲ್ಲ. ಹೆಂಚಿನ ಮನೆಗಳು, ಭತ್ತ ಮತ್ತು ಜೋಳದ ಹೊಲಗಳು, ಒಂದು ಕೆರೆ, ನಡುನಡುವೆ ಸಾವಿರ ವರ್ಷ ಹಳೆಯ ಗುಡಿಗಳು, ಊರು ಇಷ್ಟೇ. ಆದರೆ 11 ಮತ್ತು 12ನೇ ಶತಮಾನಗಳಲ್ಲಿ ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ಪ್ರಾಂತ್ಯದ ಆಡಳಿತ ನಡೆದದ್ದು ಇಲ್ಲಿಂದ. ಕಲ್ಯಾಣದ ಚಾಲುಕ್ಯರು, ಅವರ ನಂತರ ಕಳಚುರಿಗಳು, ಹೊಯ್ಸಳರು, ಸೇವುಣರು ಒಬ್ಬರಾದ ಮೇಲೆ ಒಬ್ಬರು ಈ ಊರಿಗಾಗಿ ಹಂಬಲಿಸಿದರು. ಶಾಸನಗಳು ಇದನ್ನು ರಾಜಧಾನಿಯೆಂದೇ ಕರೆಯುತ್ತವೆ.

ತಲುಪುವುದು ಸುಲಭ. ಶಿವಮೊಗ್ಗದವರೆಗೆ ರೈಲಿದೆ, 2023ರಿಂದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ. ಅಲ್ಲಿಂದ ಶಿಕಾರಿಪುರಕ್ಕೆ ಸುಮಾರು 50 ಕಿ.ಮೀ., ಮುಂದೆ ಶಿರಾಳಕೊಪ್ಪಕ್ಕೆ ಇನ್ನೂ 20 ಕಿ.ಮೀ. ಆಸುಪಾಸು. ಬಳ್ಳಿಗಾವಿ ಶಿರಾಳಕೊಪ್ಪದ ಮಗ್ಗುಲಲ್ಲೇ ಇದೆ. ಉತ್ತರ ಕರ್ನಾಟಕದ ಕಡೆಯಿಂದ ಬರುವವರಿಗೆ ಹಾವೇರಿ–ಆನವಟ್ಟಿ ದಾರಿ ಹತ್ತಿರ. ಒಂದು ಎಚ್ಚರಿಕೆ: ಹಳೆಯ ಪುಸ್ತಕಗಳಲ್ಲಿ, ಕೆಲವು ನಕಾಶೆಗಳಲ್ಲಿ ಊರಿನ ಹೆಸರು ‘ಬೆಳಗಾಮಿ’ ಎಂದಿರುತ್ತದೆ. ಫೋನಿನಲ್ಲಿ ದಾರಿ ಹುಡುಕುವಾಗ ‘ಬಳ್ಳಿಗಾವಿ, ಶಿಕಾರಿಪುರ’ ಎಂದೇ ಕೊಡಬೇಕು, ಇಲ್ಲದಿದ್ದರೆ ಅದು ಬೆಳಗಾವಿಯ ದಾರಿ ತೋರಿಸೀತು.

ಊರಿನಲ್ಲಿ ಮೊದಲು ಹೋಗಬೇಕಾದದ್ದು ಕೇದಾರೇಶ್ವರಕ್ಕೆ. ಮೂರು ಗರ್ಭಗುಡಿಗಳ ತ್ರಿಕೂಟ ದೇವಾಲಯ ಇದು. ಎರಡರಲ್ಲಿ ಲಿಂಗ, ಒಂದರಲ್ಲಿ ವಿಷ್ಣು. ಬಳಪದ ಕಲ್ಲಿನ ಗೋಪುರಗಳ ಮುಂಚಾಚಿನ ಮೇಲೆ ಸಿಂಹದೊಡನೆ ಸೆಣಸುವ ಸಳನ ಶಿಲ್ಪ ಕಾಣುತ್ತದೆ. ಚಾಲುಕ್ಯ ಶೈಲಿಯ ಗುಡಿಯ ನೆತ್ತಿಯ ಮೇಲೆ ಹೊಯ್ಸಳರ ಲಾಂಛನ! ಊರು ಯಾರ ಯಾರ ಕೈ ದಾಟಿತು ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕು. ಒಳಗೆ ಹೋಗಿ ಮಂಟಪದ ಕಂಬಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಕಡೆದು ನುಣುಪು ಮಾಡಿದ ಕಲ್ಲಿನ ಮೇಲೆ ಉಂಗುರ ಉಂಗುರವಾಗಿ ಗೆರೆಗಳು ಎದ್ದಿವೆ, ಹೊರಗಿನ ಬೆಳಕು ಅವುಗಳ ಮೇಲೆ ಜಾರುತ್ತದೆ.

ಈ ಗುಡಿಗೆ ಅಂಟಿಕೊಂಡೇ ಬೆಳೆದದ್ದು ಕೋಡಿಯಮಠ. ಬಳ್ಳಿಗಾವಿಯ ನಿಜವಾದ ಗುಣ ತಿಳಿಯಬೇಕಾದರೆ ಈ ಮಠದ ವಿಷಯ ಓದಿಕೊಂಡೇ ಹೋಗಬೇಕು. ಕಾಳಾಮುಖ ಶೈವರ ಈ ಕೇಂದ್ರವನ್ನು 1162ರ ಶಾಸನವೊಂದು ವಿವರವಾಗಿ ಬಣ್ಣಿಸುತ್ತದೆ. ವೇದಗಳ ಪಾಠ, ಷಡ್ದರ್ಶನಗಳ ವ್ಯಾಖ್ಯಾನ, ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣ, ಕಾವ್ಯ, ನಾಟಕ, ಪುರಾಣ ಎಲ್ಲವೂ ಇಲ್ಲಿ ನಡೆಯುತ್ತಿದ್ದವು. ಅಷ್ಟಕ್ಕೇ ನಿಲ್ಲದೆ ಆ ಶಾಸನ ಇನ್ನೊಂದು ಪಟ್ಟಿ ಕೊಡುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರು, ನಾನಾ ದೇಶದ ಭಿಕ್ಷುಕರು; ಇವರೆಲ್ಲರಿಗೂ ಇಲ್ಲಿ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿತ್ತು. ವಿದ್ಯಾಲಯ, ಅನ್ನಛತ್ರ, ಆಸ್ಪತ್ರೆ ಒಂದೇ ಆವರಣದಲ್ಲಿ. ಕೋಟೆಯ ಕಲ್ಲುಗಳಿಗಿಂತ ಈ ಪಟ್ಟಿಯೇ ಒಂದು ರಾಜಧಾನಿಯ ದೊಡ್ಡಸ್ತಿಕೆಯನ್ನು ಚೆನ್ನಾಗಿ ಹೇಳುತ್ತದೆ.

ಮತಗಳ ವಿಷಯದಲ್ಲೂ ಹಾಗೆಯೇ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂದು ಐದು ಮಠಗಳ ಊರಿದು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ. ದಕ್ಷಿಣದಲ್ಲಿ ಬೌದ್ಧಧರ್ಮ ಬಹುಮಟ್ಟಿಗೆ ಮರೆಯಾಗುತ್ತಿದ್ದ ಕಾಲ ಅದು. ಆದರೂ ಅದೇ ದಶಕದಲ್ಲಿ ನಾಗಿಯಕ್ಕ ಎಂಬ ಮಹಿಳೆ ತಾರಾ ಭಗವತಿಯ ವಿಗ್ರಹ ಮಾಡಿಸಿದಳು. ಮೂರೇ ವರ್ಷದ ನಂತರ, 1068ರಲ್ಲಿ, ‘ಸುಕುಮಾರ ಚರಿತೆ’ ಬರೆದ ಕವಿ ಶಾಂತಿನಾಥನ ಬಿನ್ನಹದ ಮೇರೆಗೆ ಶಾಂತಿನಾಥ ಬಸದಿ ಕಲ್ಲಿನ ಕಟ್ಟಡವಾಯಿತು. ಅಲ್ಲಮಪ್ರಭು ಹುಟ್ಟಿದ್ದೂ ಬಳ್ಳಿಗಾವಿಯಲ್ಲೇ, ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದವ ಎಂದು ಶರಣ ಪರಂಪರೆ ಹೇಳುತ್ತದೆ. ಅಕ್ಕಮಹಾದೇವಿಯ ಉಡುತಡಿ ಇದೇ ತಾಲ್ಲೂಕಿನದು. ಇಷ್ಟೊಂದು ವಾದ, ಇಷ್ಟೊಂದು ಪಾಠ ನಡೆಯುತ್ತಿದ್ದ ಸೀಮೆಯಲ್ಲಿ ಈ ಇಬ್ಬರೂ ಬೆಳೆದರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಬೀದಿಗಳಲ್ಲಿ ಓಡಾಡಬೇಕು.

ಊರೊಳಗೆ ನೋಡಲೇಬೇಕಾದದ್ದು ಇನ್ನೆರಡು. ತ್ರಿಪುರಾಂತಕೇಶ್ವರ ಗುಡಿಯಲ್ಲಿ ಬಾಗಿಲ ಇಕ್ಕೆಲಗಳ ಜಾಲಂಧ್ರಗಳ ಮುಂದೆ ತಾಳ್ಮೆಯಿಂದ ನಿಲ್ಲಬೇಕು. ಬಳ್ಳಿಯ ಸುರುಳಿಗಳ ನಡುವೆ ಕುಣಿಯುವ ಪುಟ್ಟ ಪುಟ್ಟ ಆಕೃತಿಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಮಕ್ಕಳು ಜೊತೆಗಿದ್ದರೆ ಪಂಚತಂತ್ರದ ಕಥೆಗಳ ಕೆತ್ತನೆ ಹುಡುಕಲು ಹೇಳಬಹುದು. ಇನ್ನೊಂದು, ಭೇರುಂಡೇಶ್ವರ ಕಂಬ. ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ, ಸುಮಾರು 30 ಅಡಿ ಎತ್ತರದ ಈ ಕಂಬಕ್ಕೆ ಹೆಸರು ಬಂದದ್ದು ಮನುಷ್ಯ ದೇಹ, ಎರಡು ಹಕ್ಕಿತಲೆಗಳ ಗಂಡಭೇರುಂಡನಿಂದ. ಇಂದು ಕರ್ನಾಟಕ ಸರ್ಕಾರದ ಪ್ರತಿ ಕಾಗದದ ತಲೆಯ ಮೇಲೆ ಕೂತಿರುವ ಆ ಪಕ್ಷಿಯ ಹಳೆಯ ರೂಪಗಳಲ್ಲಿ ಇದೊಂದು.

ಬೇಲೂರು ನೋಡಿದವರಿಗೆ ಈ ಊರಿನ ಮಣ್ಣು ಇನ್ನಷ್ಟು ಹತ್ತಿರವಾಗಬೇಕು. ಚೆನ್ನಕೇಶವನ ಗುಡಿಯ ಮದನಿಕೆಯರ ಕೆಳಗೆ ತನ್ನ ಹೆಸರು ಕೊರೆದಿಟ್ಟ ದಾಸೋಜ ಬಳ್ಳಿಗಾವಿಯವನು. ಅವನ ಮಗ ಚಾವಣನೂ ಅಲ್ಲಿ ಉಳಿ ಹಿಡಿದವನೇ. ಹೊಯ್ಸಳ ಶಿಲ್ಪದ ಹೆಸರು ಜಗತ್ತಿಗೆ ಗೊತ್ತು, ಅದರ ಕೈಗಳು ಪಳಗಿದ ಊರಿಗೆ ಬರುವವರು ಮಾತ್ರ ಬೆರಳೆಣಿಕೆ. ಇದು ನ್ಯಾಯವಲ್ಲ.

ಬಳ್ಳಿಗಾವಿಯಿಂದ ಕೆಲವೇ ಕಿಲೋಮೀಟರು ದೂರದಲ್ಲಿದೆ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದಿನ ಎಂಟು ಮುಖದ ಕಂಬವೇ ಕದಂಬರ ಕಥೆಯ ಮೂಲ ದಾಖಲೆ. ಅಕ್ಷರಗಳು ಅಡ್ಡಸಾಲಿನಲ್ಲಿಲ್ಲ, ಕಂಬದ ಬುಡದಿಂದ ಮೇಲಕ್ಕೆ ಏರುತ್ತವೆ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದು. ಕಾಕುಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ್ದನ್ನು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಸಂಸ್ಕೃತ ಶ್ಲೋಕಗಳಲ್ಲಿ ಬರೆದ. ತಾಳಗುಂದದ ಮಯೂರಶರ್ಮ ಓದಲೆಂದು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ಅವನು ರಾಜ್ಯ ಕಟ್ಟಿದ್ದು, ಎಲ್ಲವೂ ನಮಗೆ ತಿಳಿದದ್ದು ಈ ಕಂಬದಿಂದ. ಇದೇ ಗುಡಿಯ ಆವರಣದಲ್ಲಿ 2013ರಲ್ಲಿ ನಡೆದ ಉತ್ಖನನದಲ್ಲಿ ಸಿಂಹ ಕಟಾಂಜನದ ಮೇಲಿನ ಶಾಸನ ಸಿಕ್ಕಿತು. ಅದನ್ನು ಕ್ರಿ.ಶ. 370ರ ಸುಮಾರಿನದೆಂದು ಪುರಾತತ್ವ ಸರ್ವೇಕ್ಷಣ ಇಲಾಖೆಯ ವಿದ್ವಾಂಸರು ಗುರುತಿಸಿದ್ದಾರೆ. ಆ ಲೆಕ್ಕದಲ್ಲಿ ಹಲ್ಮಿಡಿಗಿಂತಲೂ ಹಿಂದಿನ ಕನ್ನಡ ಅಕ್ಷರ ತಾಳಗುಂದದ್ದು. ನವೆಂಬರ್ 1ಕ್ಕೆ ಎಲ್ಲಿಗಾದರೂ ಹೋಗಬೇಕೆನ್ನುವ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಎರಡನೆಯ ದಿನ ಇದ್ದರೆ ಸೊರಬದ ಕಡೆ ತಿರುಗಬಹುದು. ಆನವಟ್ಟಿ ಪಕ್ಕದ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯವಿದೆ. ವಿಶಾಲ ತೆರೆದ ಮಂಟಪ, ಸಾಲು ಸಾಲು ಕಂಬ, ಹೆಚ್ಚಿನ ದಿನಗಳಲ್ಲಿ ಜನವೇ ಇರುವುದಿಲ್ಲ. ಅಲ್ಲಿಂದ ಬನವಾಸಿ ಹತ್ತಿರ. ತಾಲ್ಲೂಕು ಲೆಕ್ಕದಲ್ಲಿ ಅದು ಶಿರಸಿಗೆ ಸೇರಿದರೂ ಚರಿತ್ರೆಯ ಲೆಕ್ಕದಲ್ಲಿ ಬಳ್ಳಿಗಾವಿಯ ಹಿರಿಯಕ್ಕ. ಸಿಂಹಳದ ‘ಮಹಾವಂಶ’ ಅಶೋಕನ ಕಾಲದಲ್ಲಿ ಬೌದ್ಧ ಭಿಕ್ಷು ರಕ್ಖಿತ ಬಂದ ನಾಡೆಂದು ಹೆಸರಿಸುವುದು ಈ ವನವಾಸವನ್ನೇ; ಗ್ರೀಕ್ ಭೂಗೋಳಜ್ಞ ಟಾಲೆಮಿಗೂ ಬನವಾಸಿ ಗೊತ್ತಿತ್ತು. ಮೂರು ಕಡೆ ವರದಾ ನದಿ ಸುತ್ತಿಕೊಂಡ ಊರಿನ ನಡುವೆ ಮಧುಕೇಶ್ವರ ದೇವಾಲಯ. ಅದರ ಆವರಣದ ನಾಗಶಿಲೆಯ ಮೇಲೆ ಚುಟು ಅರಸರ ಕಾಲದ ಪ್ರಾಕೃತ ಬರಹವಿದೆ. ಅದೇ ಮನೆತನದ ಇನ್ನೊಂದು ಶಾಸನ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದ ಮೇಲಿದೆ, ಕೆಳಗೆ ಕದಂಬರು ತಮ್ಮ ಶಾಸನವನ್ನೂ ಸೇರಿಸಿದ್ದಾರೆ.

ಬಂದಳಿಕೆಗೆ ಸಮಯ ಉಳಿಸಿಕೊಳ್ಳುವುದು ಒಳ್ಳೆಯದು. ಕಾಡು ಕವಿದ ಪಾಳುಬಿದ್ದ ಊರು. ಶಾಂತಿನಾಥ ಬಸದಿ, ಸೋಮೇಶ್ವರ, ತ್ರಿಮೂರ್ತಿ ನಾರಾಯಣ ಗುಡಿಗಳು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ಗಾವುಂಡಿಕೆಯನ್ನು ಗಂಡ ಸತ್ತ ನಂತರ ಜಕ್ಕಿಯಬ್ಬೆ ವಹಿಸಿಕೊಂಡಳು, ಸಮರ್ಥವಾಗಿ ಆಳಿದಳು, ಕಾಯಿಲೆ ಬಿದ್ದಾಗ ಮಗಳಿಗೆ ಅಧಿಕಾರ ಒಪ್ಪಿಸಿ ಇಲ್ಲಿನ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟಳು. ಇದನ್ನೆಲ್ಲ ತಿಳಿಸುವ ಹತ್ತನೇ ಶತಮಾನದ ಶಾಸನ ಅವಳ ಆಡಳಿತವನ್ನು ಮನಸಾರೆ ಹೊಗಳುತ್ತದೆ.

ಕಾಲದ ಬಗ್ಗೆ: ನವೆಂಬರಿನಿಂದ ಫೆಬ್ರುವರಿವರೆಗೆ ಓಡಾಟಕ್ಕೆ ಹಿತ. ಸೊರಬದ ಗುಡವಿ ಪಕ್ಷಿಧಾಮ ನೋಡಬೇಕೆನ್ನುವವರು ಮಳೆಗಾಲದಲ್ಲಿ ಅಥವಾ ಅದು ಮುಗಿಯುತ್ತಿದ್ದಂತೆ ಬರಬೇಕು, ಮರಿ ಮಾಡುವ ಬಿಳಿ ಕೆಂಬರಲುಗಳು ಆಗ ಮರಗಳ ತುಂಬ ಕೂತಿರುತ್ತವೆ. ದೀಪಾವಳಿ ಕಳೆದ ಮೇಲೆ ಊರೂರಿನಲ್ಲಿ ಹೋರಿ ಹಬ್ಬ. ಸಿಂಗರಿಸಿದ ಹೋರಿಗಳು ಬೀದಿಯಲ್ಲಿ ಓಡುವಾಗ ಹೊಸಬರು ಬೇಲಿಯಾಚೆ, ಎತ್ತರದ ಜಗಲಿಯ ಮೇಲೆ ನಿಂತು ನೋಡಬೇಕು. ತಂಗಲು ಶಿಕಾರಿಪುರ, ಶಿರಸಿ ಅಥವಾ ಸಾಗರ ಅನುಕೂಲ. ಶಿಕಾರಿಪುರದಲ್ಲಿ ಉಳಿದವರು ಬೆಳಗ್ಗೆ ಹುಚ್ಚರಾಯಸ್ವಾಮಿಯ ದರ್ಶನ ಮುಗಿಸಿ ಹೊರಡಬಹುದು. 1942ರಲ್ಲಿ ತನ್ನದೇ ಸರ್ಕಾರ ಘೋಷಿಸಿಕೊಂಡ ಈಸೂರು ಇದೇ ತಾಲ್ಲೂಕಿನಲ್ಲಿದೆ, ಸಮಯವಿದ್ದರೆ ಅಲ್ಲಿಗೂ ಹೋಗಬಹುದು. ಕೊಳ್ಳುವುದಾದರೆ ಸೊರಬ, ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ ಕೊಳ್ಳಬೇಕು. ಬಳ್ಳಿಗಾವಿ ಮತ್ತು ತಾಳಗುಂದಕ್ಕೆ ಒಂದು ಪೂರ್ತಿ ದಿನ ಕೊಡದೆ ಜೋಗಕ್ಕೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಇಣುಕಿ ಬರುವವರಿಗೆ ಏನೂ ದಕ್ಕುವುದಿಲ್ಲ.

ಹೊರಡುವ ಮುನ್ನ ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟವನ್ನು ತಿರುವಿ ನೋಡಿದರೆ ಲಾಭವಿದೆ. 1902ರಲ್ಲಿ ಅಚ್ಚಾದ ಅದರಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. ಸೊರಬದವು 8ನೇ ಸಂಪುಟದಲ್ಲಿವೆ. ಶಾಸನದ ಕಲ್ಲುಗಳನ್ನು ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ, ಇಲ್ಲವೇ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಫೋಟೊ ಚೆನ್ನಾಗಿ ಬರಲೆಂದು ಸೀಮೆಸುಣ್ಣ, ಎಣ್ಣೆ, ಹಿಟ್ಟು ಬಳಿಯಬೇಡಿ. ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಬರಹವಿರುವ ಕಲ್ಲು ಕಂಡರೆ ಅದನ್ನು ಅಲುಗಿಸದೆ ಗ್ರಾಮ ಪಂಚಾಯಿತಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ.