ಪ್ರತಿಕಾಯ ತಯಾರಿಸುವ ಜೀವಕೋಶಗಳ ಎಣಿಕೆ

ವಿಷಮಶೀತ ಜ್ವರದ ಬ್ಯಾಕ್ಟೀರಿಯಗಳು ದೇಹವನ್ನು ಹೊಕ್ಕಾಗ ರಕ್ತದಲ್ಲಿ ಅವುಗಳಿಗೆ ಎದುರಾಗಿ ಪ್ರತಿಕಾಯಗಳೆಂಬ ಪ್ರೋಟೀನುಗಳು ಕಾಣಿಸಿಕೊಳ್ಳುತ್ತವೆ. ಸೀರಮ್ಮನ್ನು ಹಂತಹಂತವಾಗಿ ತೆಳುವಾಗಿಸುತ್ತ, ಬ್ಯಾಕ್ಟೀರಿಯಗಳು ಎಲ್ಲಿಯವರೆಗೆ ಅಂಟಿಕೊಂಡು ಗುಂಪಾಗುವುವೆಂದು ನೋಡಿ ಅವುಗಳ ಪ್ರಮಾಣವನ್ನು ಅಳೆಯಬಹುದು. 1896ರಲ್ಲಿ ವಿಡಾಲ್ ಬಳಕೆಗೆ ತಂದ ಪರೀಕ್ಷೆಯ ತಿರುಳು ಇದೇ. ಆದರೆ ಇದರಿಂದ ತಿಳಿಯುವುದು ತಯಾರಾದ ಸರಕೇ ಹೊರತು ಕೆಲಸಗಾರರ ಸಂಖ್ಯೆಯಲ್ಲ. ಕೆಲವೇ ಜೀವಕೋಶಗಳು ಹೇರಳವಾಗಿ ತಯಾರಿಸಿದುವೋ, ಅನೇಕ ಕೋಶಗಳು ತುಸುತುಸುವಾಗಿ ತಯಾರಿಸಿದುವೋ ಹೇಳುವುದು ಹೇಗೆ?

1963ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದ್ದ ನೀಲ್ಸ್ ಯೆರ್ನೆ ಮತ್ತು ಆಲ್ಬರ್ಟ್ ನಾರ್ಡಿನ್ ಇದಕ್ಕೊಂದು ಸರಳೋಪಾಯವನ್ನು ಪ್ರಕಟಿಸಿದರು. ಇಲಿಗೆ ಕುರಿಯ ಕೆಂಪು ರಕ್ತಕಣಗಳನ್ನು ಚುಚ್ಚಿ, ಕೆಲವು ದಿನಗಳ ಬಳಿಕ ಅದರ ಗುಲ್ಮದ ಕೋಶಗಳನ್ನು ಬಿಡಿಸಿ, ಕುರಿಯ ರಕ್ತಕಣಗಳೊಡನೆ ಬೆಚ್ಚಗಿನ ಅಗಾರಿನಲ್ಲಿ ಬೆರೆಸಿ ತಟ್ಟೆಯಲ್ಲಿ ತೆಳುವಾಗಿ ಹರಡುತ್ತಾರೆ. 37 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಪ್ರತಿಕಾಯಗಳು ಸ್ರವಿಸಿ ಸುತ್ತಲಿನ ರಕ್ತಕಣಗಳಿಗೆ ಅಂಟುತ್ತವೆ. ಅನಂತರ ಗಿನಿಹಂದಿಯ ತಾಜಾ ಸೀರಮ್ಮನ್ನು ಸುರಿದರೆ, ಅದರಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಆ ಕಣಗಳನ್ನು ಒಡೆಯುತ್ತವೆ. ಕೆಂಪು ಹಾಸಿನಲ್ಲಿ ದುಂಡಗಿನ ತಿಳಿಯಾದ ಚುಕ್ಕೆಗಳು ಮೂಡುತ್ತವೆ. ಇವೇ ಪ್ಲಾಕುಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಒಂದು ಕೋಶ ಕುಳಿತಿರುತ್ತದೆ! ಭೌತಶಾಸ್ತ್ರ ಬೋಧಿಸುವ ನಮಗೆ ಇಲ್ಲಿ ವಿಲ್ಸನ್ನನ ಮೇಘಕೋಷ್ಠ ನೆನಪಾಗುತ್ತದೆ. ಅಲ್ಲಿಯೂ ಕಾಣುವುದು ಕಣವಲ್ಲ, ಅದು ಬಿಟ್ಟ ಜಾಡು.

ಒಂದು ಪ್ಲಾಕಿಗೆ ಒಂದೇ ಕೋಶ ಸಾಕೆಂಬುದಕ್ಕೆ ಆಧಾರವೇನು? ಕೋಶಗಳನ್ನು ಅರ್ಧಕ್ಕಿಳಿಸಿದರೆ ಪ್ಲಾಕುಗಳೂ ಅರ್ಧಕ್ಕಿಳಿಯುತ್ತವೆ. ಎರಡು ಕೋಶಗಳು ಅಕ್ಕಪಕ್ಕ ಸೇರಬೇಕಾಗಿದ್ದರೆ ಅವು ಕಾಲುಭಾಗಕ್ಕೆ ಇಳಿಯಬೇಕಾಗಿತ್ತು. ಈ ತರ್ಕವನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಲಿ. ಗುಲ್ಮದಲ್ಲಿ 10 ಕೋಟಿ ಕೋಶಗಳಿದ್ದು, 10 ಲಕ್ಷವನ್ನು ಹರಡಿದಾಗ 150 ಪ್ಲಾಕುಗಳು ಕಂಡುವೆನ್ನೋಣ. ಇಡೀ ಗುಲ್ಮದಲ್ಲಿ ಅಂಥ ಕೋಶಗಳು 15,000.

ಕುರಿಯ ರಕ್ತಕಣಕ್ಕೂ ಬ್ಯಾಕ್ಟೀರಿಯಕ್ಕೂ ಏನು ಸಂಬಂಧ? ಸಾಲ್ಮೊನೆಲ್ಲ, ಇ. ಕೋಲಿ ಮುಂತಾದುವುಗಳ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತುವುಂಟು. ಅದನ್ನು ರಕ್ತಕಣಗಳಿಗೆ ಲೇಪಿಸಿದರೆ ಅವು ಬ್ಯಾಕ್ಟೀರಿಯದ ವೇಷ ತೊಟ್ಟಂತಾಗುತ್ತದೆ. ಬ್ಯಾಕ್ಟೀರಿಯ ಚುಚ್ಚಿಸಿಕೊಂಡ ಇಲಿಯ ಕೋಶಗಳು ಈಗ ಪ್ಲಾಕು ಮೂಡಿಸುತ್ತವೆ. ಲೇಪವಿಲ್ಲದ ಕಣಗಳ ತಟ್ಟೆಯೊಂದನ್ನು ಜೊತೆಗಿಟ್ಟು, ಅದರಲ್ಲಿ ಬಂದ ಸಂಖ್ಯೆಯನ್ನು ಕಳೆಯಲೇಬೇಕು. ಇದನ್ನು ಮರೆತವನ ಲೆಕ್ಕಕ್ಕೆ ಬೆಲೆಯಿಲ್ಲ.

ಪ್ಲಾಕು ಮೂಡದಿದ್ದರೆ ಕೋಶವೇ ಇಲ್ಲವೆನ್ನುವಂತಿಲ್ಲ. ಐಜಿಎಂ ವರ್ಗದ ಪ್ರತಿಕಾಯ ಕಾಂಪ್ಲಿಮೆಂಟನ್ನು ಸುಲಭವಾಗಿ ಕೆರಳಿಸುತ್ತದೆ. ಐಜಿಜಿ ವರ್ಗಕ್ಕೆ ಆ ಶಕ್ತಿ ಕಡಮೆ. ಅದಕ್ಕೇ ಅಂಟಿಕೊಳ್ಳುವ ಇನ್ನೊಂದು ಪ್ರತಿಕಾಯವನ್ನು ಸೇರಿಸಿದಾಗ ಮಾತ್ರ ಅಡಗಿದ್ದ ಪ್ಲಾಕುಗಳು ಕಾಣುತ್ತವೆ. 1983ರಲ್ಲಿ ಬಂದ ಎಲಿಸ್ಪಾಟ್ ವಿಧಾನದಲ್ಲಿ ರಕ್ತಕಣಗಳೇ ಬೇಡ: ಬ್ಯಾಕ್ಟೀರಿಯದ ವಸ್ತುವನ್ನು ತಟ್ಟೆಯ ತಳಕ್ಕೇ ಲೇಪಿಸಿ, ಕೋಶ ಕುಳಿತೆಡೆಯಲ್ಲಿ ಎಂಜೈಮಿನ ನೆರವಿನಿಂದ ಬಣ್ಣದ ಚುಕ್ಕೆಯನ್ನು ಮೂಡಿಸಿ ಎಣಿಸುತ್ತಾರೆ.